ಟೂರಿಸ್ಟ್ ಕ್ಲಬ್ಬಿನ ಉಪರಾಣಿ

ನಾನು ಜೀವನದಲ್ಲಿ ಸಿಂಹಾಸನದ ಮೇಲೆ ಕೂತದ್ದು ಹೆಚ್ಚುಕಡಿಮೆ ಎರಡು ತಿಂಗಳು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹೋಟೆಲಿನಲ್ಲಿ, ಚೀನೀ ರೆಸ್ಟೋರೆಂಟಿನ ಬಾಗಿಲ ಒಳಗೆ, ಸೂಪಿನ ಕೌಂಟರಿಗೂ ಮೀನಿನ ತೊಟ್ಟಿಗೂ ನಡುವೆ ಆ ಸಿಂಹಾಸನವಿತ್ತು. ಪ್ಲೈವುಡ್ಡಿನದು, ಮೇಲೆ ಬಂಗಾರದ ಪೇಂಟು. ಒಂದು ಮೊಳೆ ಬೆನ್ನಿಗೆ ತಾಗುತ್ತಿತ್ತು. ಮೊದಲ ದಿನವೇ ಆ ಮೊಳೆ ಚುಚ್ಚಿ, ಗಾಯವಾಗಿ, ಧನುರ್ವಾಯು ತಗಲಿ, ಹೆಣವನ್ನು ಮಂಗಳೂರಿನ ವಿಮಾನಕ್ಕೆ ಹಾಕಲು ಏನೇನು ಕಾಗದ ಬೇಕಾಗಬಹುದು ಎಂಬಲ್ಲಿಯವರೆಗೆ ಯೋಚಿಸಿ ಮುಗಿಸಿದ್ದೆ. ನನ್ನ ಸ್ವಭಾವವೇ ಹಾಗೆ. ಆಗ ನನಗೆ ಮೂವತ್ತೆರಡು. ಈಗ ಐವತ್ತು ದಾಟಿದೆ, ಸ್ವಭಾವ ಅಲ್ಲೇ ಇದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಆ ಹೋಟೆಲಿನ ರಿಸರ್ವೇಶನ್ ವಿಭಾಗದಲ್ಲಿ ಫೋನೆತ್ತುವವಳು. ನನ್ನ ಗಂಡ ರುವೈಸಿನ ರಿಫೈನರಿಯಲ್ಲಿ ಟೆಕ್ನಿಶಿಯನ್. ನಮ್ಮಿಬ್ಬರ ನಡುವೆ ಬಸ್ಸಿನಲ್ಲಿ ಮೂರು ಗಂಟೆಯ ಮರಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನಾನು ಹೋಟೆಲಿನ ವೀಸಾದ ಮೇಲೆ, ಹೋಟೆಲ್ ಕೊಟ್ಟ ಫ್ಲ್ಯಾಟಿನಲ್ಲಿ, ಇನ್ನು ಮೂವರು ಹೆಂಗಸರ ಜೊತೆ ಇದ್ದೆ. ಇವರು ಕಂಪೆನಿಯ ಬ್ಯಾಚುಲರ್ ಕ್ಯಾಂಪಿನಲ್ಲಿ. ಹೆಂಡತಿ ಜೊತೆಯಲ್ಲಿಲ್ಲದವನೆಲ್ಲ ಗಲ್ಫಿನಲ್ಲಿ ಬ್ಯಾಚುಲರ್. ನಮ್ಮ ಫ್ಲ್ಯಾಟಿನ ಕೆಳಗೆ ವಾಚ್‌ಮನ್ ಒಂದು ರಿಜಿಸ್ಟರ್ ಇಟ್ಟುಕೊಂಡು ಕೂರುತ್ತಿದ್ದ. ಗಂಡಸರಿಗೆ ಮೇಲೆ ಪ್ರವೇಶವಿಲ್ಲ. ಗಂಡನಾದರೂ ಗಂಡಸು ಗಂಡಸೇ ಎನ್ನುವುದು ಅವನ ವಾದ.

ಹಾಗಾಗಿ ನಮ್ಮ ಸಂಸಾರ ನಡೆಯುತ್ತಿದ್ದುದು ಶುಕ್ರವಾರಗಳಲ್ಲಿ, ಅದೂ ಬೇರೆಯವರ ಮನೆಯಲ್ಲಿ. ನಮ್ಮ ಬೀದಿಯಲ್ಲೇ ಮೈಸೂರಿನ ಕಡೆಯ ಒಬ್ಬರು ಅಕ್ಕ ಇದ್ದರು. ಕನ್ನಡ ಸಂಘದ ಒಂದು ಯುಗಾದಿ ಊಟದಲ್ಲಿ ಪರಿಚಯವಾದವರು. ಅವರ ಗಂಡ ಯಾವುದೋ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದರು, ಎರಡು ಮಕ್ಕಳು. ನನ್ನ ಗಂಡ ರುವೈಸಿನಿಂದ ಗುರುವಾರ ಸಂಜೆಯ ಬಸ್ಸಿಗೆ ಬಂದು ಯಾರದೋ ರೂಮಿನಲ್ಲಿ ಮಲಗಿ, ಶುಕ್ರವಾರ ಮಧ್ಯಾಹ್ನ ಅಕ್ಕನ ಮನೆಗೆ ಬರುತ್ತಿದ್ದರು. ಊಟವಾದ ಮೇಲೆ ಅಕ್ಕ, ಮಕ್ಕಳಿಗೆ ಬಿಸಿಲೇ ಬೀಳುತ್ತಿಲ್ಲ, ಕಡಲಂಚಿನ ಕಾರ್ನಿಶಿಗೆ ಕರೆದುಕೊಂಡು ಹೋಗಿ ಬರುತ್ತೇವೆ ಎನ್ನುತ್ತಿದ್ದರು. ಅಬುಧಾಬಿಯಲ್ಲಿ ಮಕ್ಕಳಿಗೆ ಬಿಸಿಲು ಕಡಿಮೆಯಾಗಿದೆ ಎಂದು ಚಿಂತಿಸಿದ ತಾಯಿ ಅವರೊಬ್ಬರೇ ಇರಬೇಕು. ಎರಡು ಗಂಟೆ ಬಿಟ್ಟು ಹಿಂತಿರುಗುವಾಗ, ಕೀ ಕೈಯಲ್ಲೇ ಇದ್ದರೂ ಬೆಲ್ ಒತ್ತಿ ಕಾಯುತ್ತಿದ್ದರು. ಆ ಬೆಲ್ಲಿನ ಋಣ ನನ್ನ ಮೇಲೆ ಈಗಲೂ ಇದೆ.

ಆ ವರ್ಷ ಈದ್ ಮುಗಿಯುವ ಹೊತ್ತಿಗೇ ಚೀನೀ ಹೊಸವರ್ಷವೂ ಬಂದಿತ್ತು. ರೆಸ್ಟೋರೆಂಟಿನ ಮ್ಯಾನೇಜರು ‘ಅರಮನೆಯ ಊಟ’ ಎಂದು ಮೂರು ವಾರದ ಉತ್ಸವ ಹಾಕಿದರು. ಅವರು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಅರವತ್ತಕ್ಕೆ ಹತ್ತಿರ, ಎಲ್ಲವನ್ನೂ ಮೆಲ್ಲಗೆ ಹೇಳುವ ಮನುಷ್ಯ. ಊಟ ಮಾಡುವವರು ನೋಡಲಿಕ್ಕೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕೆ ಒಬ್ಬ ಚೀನೀ ಉಪರಾಣಿಯನ್ನು ಸಿಂಹಾಸನದಲ್ಲಿ ಕೂರಿಸುವುದು ಅವರ ಯೋಜನೆ. ಅದಕ್ಕೆ ಗೊತ್ತು ಮಾಡಿದ್ದ ಮನಿಲಾದ ಹುಡುಗಿ ಉತ್ಸವಕ್ಕೆ ಎರಡು ದಿನ ಮೊದಲು ಯಾರದೋ ಕಾಯಿಲೆಯೆಂದು ಊರಿಗೆ ಹೋದಳು. ಹೊಲಿಸಿದ ಬಟ್ಟೆ ಅವಳ ಅಳತೆಯದು. ಆ ಅಳತೆಗೆ ಇಡೀ ಹೋಟೆಲಿನಲ್ಲಿ ಸಿಕ್ಕಿದವಳು ನಾನು. ಸಣ್ಣ ಕಣ್ಣು, ಚಪ್ಪಟೆ ಕೆನ್ನೆ. ಶಾಲೆಯಲ್ಲಿ ‘ನೇಪಾಳಿ’ ಎಂದು ಗೇಲಿ ಮಾಡಿಸಿಕೊಂಡ ಮುಖಕ್ಕೆ ಕೊನೆಗೂ ಒಂದು ಉಪಯೋಗ ಬಂತು.

ನಾನು ಮಾತಾಡುವಾಗ ತಡವರಿಸುತ್ತೇನೆ, ನನ್ನಿಂದ ಆಗದು ಎಂದೆ. ಮಾತೇ ಬೇಡ ಎಂದರು ಅವರು. “ಚಕ್ರವರ್ತಿಯ ಹೆಂಡತಿಗೆ ಗಿರಾಕಿಗಳ ಹತ್ತಿರ ಮಾತಾಡ್ಲಿಕ್ಕುಂಟಾ ಮಾರಾಯ್ತಿ? ಕೂತ್ಕೊಂಡು ನಗಾಡಿದ್ರೆ ಸಾಕು.”

ಬಟ್ಟೆ ಹಳದಿ ರೇಷ್ಮೆಯದಲ್ಲ, ಆ ಬಣ್ಣ ಪಟ್ಟದ ರಾಣಿಗೆ. ನನ್ನದು ನೀಲಿ ಸ್ಯಾಟಿನ್ನು, ಒಳಗೆ ಹತ್ತಿ ತುಂಬಿ ದಪ್ಪ ಮಾಡಿದ್ದು. ತಲೆಯ ಮೇಲೆ ಎರಡೂ ಕಡೆ ರೆಕ್ಕೆ ಚಾಚಿದ ಒಂದು ಕಪ್ಪು ಹಲಗೆ, ಅದಕ್ಕೆ ಕಾಗದದ ಹೂವು. ಕೈಯ ಕೊನೆಯ ಎರಡು ಬೆರಳುಗಳಿಗೆ ಉಗುರಿನ ಕವಚ, ಬೆರಳಿಗಿಂತ ಉದ್ದ. ಅದನ್ನು ಹಾಕಿಕೊಂಡ ಮೇಲೆ ಮೂಗು ತುರಿಸಲೂ ಆಗುವುದಿಲ್ಲ. ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಇಬ್ಬರು ಬೇಕು. ಆದ್ದರಿಂದ ನಾನು ಮಧ್ಯಾಹ್ನದ ಬಫೆಗೆ ಕೂರುವ ಮೊದಲು ನೀರು ಕುಡಿಯುವುದನ್ನೇ ಬಿಟ್ಟೆ. ಕಾಲರು ಬಿಗಿಯಾಗಿ ಹೊಟ್ಟೆ ತೊಳೆಸುತ್ತಿದ್ದುದರಿಂದ ಊಟವನ್ನೂ ಬಿಟ್ಟೆ. ಮಡಿಲಲ್ಲಿ ಒಂದು ಕೆಂಪು ತಟ್ಟೆ, ಅದರಲ್ಲಿ ಸಣ್ಣ ಕಿತ್ತಳೆಗಳು. ಊಟ ಮುಗಿಸಿ ಹೋಗುವವರು ಅದೃಷ್ಟಕ್ಕೆಂದು ಒಂದೊಂದು ತೆಗೆದುಕೊಂಡು ಹೋಗಬೇಕು.

ಮ್ಯಾನೇಜರು ನನಗೆ ಎರಡು ಪುಟದ ಜೆರಾಕ್ಸ್ ಕೊಟ್ಟಿದ್ದರು, ಉಪರಾಣಿಯ ಬದುಕಿನ ಬಗ್ಗೆ. ಮಾತಾಡಬೇಕಾಗಿಲ್ಲದವಳು ಎರಡೇ ಪುಟ ಓದಿದರೆ ಸಾಕಿತ್ತು. ಆದರೆ ಯಾರಾದರೂ ಬಂದು ಪರೀಕ್ಷೆ ಮಾಡಿದರೆ ಎಂಬ ಭಯಕ್ಕೆ ನಾನು ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು, ಬಂಕ್ ಮಂಚದ ಮೇಲೆ ಮಲಗಿ, ನೋಟ್ಸ್ ಮಾಡಿಕೊಂಡೆ. ಹದಿಮೂರು ಹದಿನಾಲ್ಕರ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಆರಿಸುತ್ತಿದ್ದರಂತೆ. ಆರಿಸಿದವರಿಗೆ ಮೆಟ್ಟಿಲುಗಳು: ಎಲ್ಲರಿಗಿಂತ ಮೇಲೆ ಪಟ್ಟದ ರಾಣಿ, ನನ್ನ ಉಪರಾಣಿ ನಾಲ್ಕನೆಯ ಮೆಟ್ಟಿಲಿನವಳು. ಪ್ರತಿಯೊಬ್ಬಳ ಹೆಸರು ಬರೆದ ಒಂದೊಂದು ಸಣ್ಣ ಮರದ ಪಟ್ಟಿ. ಚಕ್ರವರ್ತಿ ಊಟ ಮುಗಿಸುವಾಗ ಆ ಪಟ್ಟಿಗಳನ್ನು ತಟ್ಟೆಯಲ್ಲಿಟ್ಟು ಎದುರು ಹಿಡಿಯುತ್ತಾರೆ, ಅವನು ಒಂದನ್ನು ಮಗುಚಿ ಹಾಕುತ್ತಾನೆ. ಆ ದಿನ ಅವಳ ಪಾಳಿ. ಉಳಿದವರು ಅಲಂಕಾರ ಬಿಚ್ಚಿಡುತ್ತಾರೆ. ಊಳಿಗದ ಹೆಂಗಸರಿಗಾದರೆ ಇಪ್ಪತ್ತೈದು ತುಂಬಿದಾಗ ಮನೆಗೆ ಹೋಗುವ ಅವಕಾಶವಿತ್ತು, ಉಪರಾಣಿಗೆ ಅದಿಲ್ಲ. ಚಕ್ರವರ್ತಿ ಸತ್ತರೂ ಅವಳು ಹೊರಗೆ ಬರುವಂತಿಲ್ಲ, ಅದೇ ಗೋಡೆಯ ಒಳಗೆ ಇನ್ನೊಂದು ಮೂಲೆಗೆ ಹೋಗಿ ಬುದ್ಧನ ಮುಂದೆ ಕೂರಬೇಕು. ಅಪ್ಪ ಎದುರು ಬಂದರೆ ಅಪ್ಪನೇ ಮಗಳಿಗೆ ಮಂಡಿಯೂರಬೇಕು. ತಾಯಿ ಬಂದು ಜೊತೆಯಲ್ಲಿ ಕೆಲವು ತಿಂಗಳು ಇರಬಹುದಾದ ಸಂದರ್ಭ ಒಂದೇ: ಮಗಳು ಬಸುರಿಯಾದಾಗ.

ಇಷ್ಟು ಓದಿದವಳು ಅದನ್ನೆಲ್ಲ ನನ್ನ ಬದುಕಿಗೆ ಹೋಲಿಸಿಕೊಳ್ಳದೆ ಇರಲು ಸಾಕಷ್ಟು ಪ್ರಯತ್ನಪಟ್ಟೆ. ನನಗೆ ಸಂಬಳ ಬರುತ್ತಿತ್ತು, ವರ್ಷಕ್ಕೊಮ್ಮೆ ಟಿಕೆಟ್ಟು ಇತ್ತು, ನನ್ನ ಚಕ್ರವರ್ತಿ ಪೈಪುಗಳಿಗೆ ಗ್ಯಾಸ್ಕೆಟ್ ಹಾಕುವವನು. ಆದರೂ ಸಿಂಹಾಸನದ ಮೇಲೆ ಮೂರು ಗಂಟೆ ಬಾಯಿ ಮುಚ್ಚಿ ಕೂತವಳಿಗೆ ಯೋಚನೆಯೊಂದೇ ಕೆಲಸ. ನನ್ನ ಪಾಸ್‌ಪೋರ್ಟು ಹೋಟೆಲಿನ ತಿಜೋರಿಯಲ್ಲಿತ್ತು. ಅದನ್ನು ನೆನೆದಾಗೆಲ್ಲ ತಲೆಯ ಮೇಲಿನ ಹಲಗೆ ಒಂದು ಕಡೆ ವಾಲುತ್ತಿತ್ತು.

ಉತ್ಸವದ ಎರಡನೇ ವಾರ ಇವರು ರುವೈಸಿನಿಂದ ಫೋನ್ ಮಾಡಿದರು. ಅವರ ಗ್ರೇಡು ಏರಿತ್ತು. ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿತ್ತು: ಎರಡು ಕೋಣೆ, ಅಡುಗೆಮನೆ, ಹಿಂದೆ ಒಂದು ಕರಿಬೇವು ನೆಡುವಷ್ಟು ಜಾಗ. ಆದರೆ ಮಾರ್ಚ್ ಮುಗಿಯುವುದರೊಳಗೆ ಹೆಂಡತಿ ಗಂಡನ ವೀಸಾಕ್ಕೆ ಬದಲಾಗುತ್ತಿರುವ ಕಾಗದ ತೋರಿಸಬೇಕು. ಇಲ್ಲವಾದರೆ ಮನೆ ಪಟ್ಟಿಯಲ್ಲಿರುವ ಮುಂದಿನವನಿಗೆ. ನಮ್ಮ ಸರದಿ ಮತ್ತೆ ಬರಲು ಎರಡು ಮೂರು ವರ್ಷ. ನನ್ನ ಕರಾರು ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು. ಮಧ್ಯದಲ್ಲಿ ಬಿಡಬೇಕೆಂದರೆ ಹೋಟೆಲಿನವರು ಆಕ್ಷೇಪಣೆ ಇಲ್ಲವೆಂದು ಬರೆದುಕೊಡಬೇಕು. ಆ ಎನ್‌ಒಸಿ ಇಲ್ಲದೆ ಬಿಟ್ಟರೆ ದೇಶದೊಳಗೆ ಮತ್ತೆ ಬರಲು ತಿಂಗಳುಗಟ್ಟಲೆ ತಡೆ.

ಗಂಡನ ವೀಸಾದ ಮೇಲಿರುವ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ‘ಗೃಹಿಣಿ, ಕೆಲಸ ಮಾಡಲು ಅನುಮತಿ ಇಲ್ಲ’ ಎಂದು ಒತ್ತುತ್ತಿದ್ದರು. ಒಂದು ಅರಮನೆಯಿಂದ ಇನ್ನೊಂದಕ್ಕೆ ಹೋಗಲು ನಾನು ಇಷ್ಟು ಹಾತೊರೆಯುತ್ತಿದ್ದೇನಲ್ಲ ಎಂದು ನನಗೇ ನಗು ಬರುತ್ತಿತ್ತು. ಆದರೆ ನನಗೆ ಮೂವತ್ತೆರಡು. ಊರಿನಿಂದ ಬರುವ ಪ್ರತಿ ಪತ್ರದ ಕೊನೆಯಲ್ಲಿ ‘ಮತ್ತೇನು ವಿಶೇಷ?’ ಎಂಬ ಸಾಲು ಇದ್ದೇ ಇರುತ್ತಿತ್ತು. ಶುಕ್ರವಾರದ ಎರಡು ಗಂಟೆಯಲ್ಲಿ ವಿಶೇಷವಾಗುವುದು ಕಷ್ಟ ಎಂದು ಅತ್ತೆಗೆ ಹೇಗೆ ಬರೆಯುವುದು? ಒಂದು ಮನೆ ಬೇಕಾಗಿತ್ತು. ಬೆಲ್ ಇಲ್ಲದ ಒಂದು ಮನೆ.

ಮ್ಯಾನೇಜರ ಹತ್ತಿರ ಹೋದೆ. ಅವರು ಬೇಸರಪಟ್ಟುಕೊಂಡೇ ಆಗುವುದಿಲ್ಲ ಎಂದರು. ನನ್ನ ಕೂರುವಿಕೆ ಅವರಿಗೆ ಭಾರೀ ಹಿಡಿಸಿಬಿಟ್ಟಿತ್ತು. ಬೇರೆ ಹುಡುಗಿಯರು ಅರ್ಧ ಗಂಟೆಗೆ ಕಾಲು ಅಲುಗಾಡಿಸುತ್ತಾರೆ, ಈಕೆ ಬೊಂಬೆಯ ಹಾಗೆ ಕೂರುತ್ತಾಳೆ ಎಂದು ಜನರಲ್ ಮ್ಯಾನೇಜರೂ ಹೇಳಿದ್ದರಂತೆ. ಮೂರು ವಾರದ ಉತ್ಸವವನ್ನು ಏಪ್ರಿಲ್‌ವರೆಗೆ ಎಳೆದಿದ್ದರು. ಯಾರಿಗೂ ಗೊತ್ತಿರಲಿಲ್ಲ, ನಾನು ಅಲುಗಾಡದೆ ಕೂರುತ್ತಿದ್ದುದು ಭಯದಿಂದ. ಅಲುಗಾಡಿದರೆ ತಲೆಯ ಹಲಗೆ ಬಿದ್ದು ಮೀನಿನ ತೊಟ್ಟಿಯ ಗಾಜು ಒಡೆದು ಎಲ್ಲ ನನ್ನ ಸಂಬಳದಿಂದ ಹಿಡಿಯುತ್ತಾರೆಂಬ ಲೆಕ್ಕಾಚಾರ ಒಳಗೆ ಓಡುತ್ತಲೇ ಇರುತ್ತಿತ್ತು. “ಏಪ್ರಿಲ್ ಕಳೀಲಿ, ನೋಡುವ” ಎಂದರು ಅವರು. ಏಪ್ರಿಲ್ ಕಳೆದರೆ ಮನೆಯೂ ಕಳೆದ ಹಾಗೆ ಎಂದೆ. ಅವರು ಕಣ್ಣು ಕೆಳಗೆ ಹಾಕಿದರು, ನಾನೂ ಹಾಕಿದೆ. ಇಬ್ಬರು ಕರಾವಳಿಯವರು ಒಬ್ಬರನ್ನೊಬ್ಬರು ನೋಯಿಸಬಾರದೆಂದು ನಿಂತರೆ ಯಾವ ಕೆಲಸವೂ ಆಗುವುದಿಲ್ಲ.

ಹಾಗಾದರೆ ಕೆಟ್ಟ ಉಪರಾಣಿಯಾಗುತ್ತೇನೆ ಎಂದು ನಿಶ್ಚಯಿಸಿದೆ. ಕೃಪೆ ತಪ್ಪಿದವಳನ್ನು ಬಿಟ್ಟಾರು. ಒಂದು ದಿನ ಆಕಳಿಸಿದೆ. ಒಬ್ಬ ಬ್ರಿಟಿಷ್ ಗಿರಾಕಿ ಎಷ್ಟು ಸಹಜವಾಗಿದೆ ಎಂದು ಹೊಗಳಿ, ಇನ್ನೊಮ್ಮೆ ಆಕಳಿಸಲು ಹೇಳಿ ಫೋಟೋ ತೆಗೆದ. ಇನ್ನೊಂದು ದಿನ ಮುಖ ಸಿಂಡರಿಸಿಕೊಂಡು ಕೂತೆ. ಅರಮನೆಯ ದುಃಖ ಮುಖದಲ್ಲಿ ಕಾಣುತ್ತದೆ ಎಂದು ಮ್ಯಾನೇಜರು ಅಡುಗೆಯವರ ಮುಂದೆ ನನ್ನನ್ನು ಮೆಚ್ಚಿದರು. ಕೆಟ್ಟವಳಾಗಲೂ ಅಭ್ಯಾಸ ಬೇಕು. ಬಾಲ್ಯದಿಂದ ಮೊದಲ ಬೆಂಚಿನಲ್ಲಿ ಕೈ ಕಟ್ಟಿ ಕೂತವಳಿಗೆ ಅದು ಹದಿನೈದು ದಿನದಲ್ಲಿ ಬರುವುದಿಲ್ಲ.

ಮಾರ್ಚಿನ ಮೂರನೇ ಶುಕ್ರವಾರ ಇವರಿಗೆ ಪ್ಲ್ಯಾಂಟಿನಲ್ಲಿ ಡ್ಯೂಟಿ ಬಿದ್ದು ಬರಲಾಗಲಿಲ್ಲ. ಅದೇ ದಿನ ಮಧ್ಯಾಹ್ನದ ಬಫೆಗೆ ಅಕ್ಕ, ಅವರ ಗಂಡ, ಮಕ್ಕಳು, ಸಂಘದ ಇನ್ನೊಂದು ಸಂಸಾರ ಎಲ್ಲ ಬಂದರು, ನನ್ನನ್ನು ನೋಡಲಿಕ್ಕೆಂದೇ. ಅಕ್ಕ ದೂರದಿಂದಲೇ ನನ್ನನ್ನು ನೋಡಿ ನಿಂತುಬಿಟ್ಟರು. ಊಟ ಮಾಡುವಾಗಲೂ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದಕ್ಕೆ ಹಿಂದಿನ ಎರಡು ವಾರ ಅವರ ಮನೆಯಲ್ಲಿ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಶ್ಯಾವಿಗೆ ಪಾಯಸ ಮುಂದಿಟ್ಟರೆ ಹೊಟ್ಟೆ ತೊಳೆಸುತ್ತದೆ ಎಂದಿದ್ದೆ. ಅದೆಲ್ಲ ಅವರ ಮನಸ್ಸಿನಲ್ಲಿ ಒಂದಕ್ಕೊಂದು ಸೇರಿರಬೇಕು. ಈಗ ಎದುರಿಗೆ ನಾನು: ಹೂ ಮುಡಿದು, ಸೊಂಟದ ಸುತ್ತ ಹತ್ತಿ ತುಂಬಿದ ಬಟ್ಟೆ ತೊಟ್ಟು, ಎತ್ತರದಲ್ಲಿ ಕೂತು, ಮಡಿಲಲ್ಲಿ ಹಣ್ಣಿಟ್ಟುಕೊಂಡವಳು.

ಊಟ ಮುಗಿಸಿ ಬಂದವರು ತಟ್ಟೆಯಿಂದ ಕಿತ್ತಳೆ ತೆಗೆದುಕೊಳ್ಳಲಿಲ್ಲ. ನಮ್ಮವರಿಗೆ ಅಲಂಕರಿಸಿ ಕೂರಿಸಿದ ಮುತ್ತೈದೆಯ ಮಡಿಲಿನಿಂದ ಹಣ್ಣು ತೆಗೆಯಲು ಕೈ ಬರುವುದಿಲ್ಲ, ತುಂಬಲು ಮಾತ್ರ ಬರುತ್ತದೆ. ಅಕ್ಕ ವ್ಯಾನಿಟಿ ಬ್ಯಾಗಿನಿಂದ ಕುಂಕುಮದ ಡಬ್ಬಿ ತೆಗೆದು, ಆ ಬಿಳಿ ಮೇಕಪ್ಪಿನ ಮೇಲೆ ನನ್ನ ಹಣೆಗಿಟ್ಟರು. ಬಫೆ ಮೇಜಿನಿಂದ ಎರಡು ಬಾಳೆಹಣ್ಣು, ಒಂದು ಸೇಬು, ಒಂದು ಹಿಡಿ ಲೀಚಿ ತಂದು ತಟ್ಟೆಗೆ ಹಾಕಿದರು. ಜೊತೆಗೆ ಬಂದಿದ್ದ ಹೆಂಗಸೂ ಒಂದು ಹಣ್ಣು ಹಾಕಿ ಕೈ ಮುಗಿದರು. ಹಿಂದೆ ನಿಂತಿದ್ದ ಒಂದು ಜರ್ಮನ್ ಸಂಸಾರ ಇದೇ ಕ್ರಮವಿರಬೇಕೆಂದು ತಾವೂ ಒಂದು ಅನಾನಸಿನ ತುಂಡು ತಂದು ಹಾಕಿದರು.

ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದರು. “ಎಷ್ಟು ತಿಂಗಳೇ? ನನ್ನ ಹತ್ರಾನೂ ಮುಚ್ಚಿಡ್ತೀಯಾ?”

ಮ್ಯಾನೇಜರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಉಪರಾಣಿ ಮಾತಾಡುವಂತಿಲ್ಲ. ನಾನು ಕೆಲಸದ ನಗು ನಕ್ಕೆ. ಅಕ್ಕನ ಕಣ್ಣು ತುಂಬಿತು. ಉಗುರಿನ ಕವಚದ ಸಮೇತ ನನ್ನ ಕೈ ಹಿಡಿದು ಒತ್ತಿ, ಮಕ್ಕಳನ್ನು ಮುಂದೆ ಮಾಡಿಕೊಂಡು ಹೊರಟುಹೋದರು.

ಬಟ್ಟೆ ಬಿಚ್ಚಿದವಳೇ ಫ್ಲ್ಯಾಟಿನ ಫೋನಿನಿಂದ ಅಕ್ಕನಿಗೆ ಕರೆ ಮಾಡಿದೆ. ಎಂಗೇಜ್. ಹತ್ತು ನಿಮಿಷ ಬಿಟ್ಟು ಮತ್ತೆ ಎಂಗೇಜ್. ಸಂಜೆಯವರೆಗೂ ಎಂಗೇಜ್. ಅವರು ಯಾರ ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ನನಗೆ ಹೊಳೆದಾಗ ಕುರ್ಚಿಯಲ್ಲಿ ಕೂತುಕೊಂಡೆ. ಮರುದಿನ ಬೆಳಿಗ್ಗೆ ಅವರ ಮನೆಗೇ ಹೋಗಿ ಹೇಳಿಬಿಡುವುದೆಂದು ನಿರ್ಧರಿಸಿ, ಹೇಳಬೇಕಾದ ಮಾತನ್ನು ಹಾಸಿಗೆಯ ಮೇಲೆ ಹತ್ತು ಬಗೆಯಲ್ಲಿ ಜೋಡಿಸಿದೆ. ಅಕ್ಕ, ಅದು ಹತ್ತಿ. ಅಕ್ಕ, ಅದು ಕಾಲರು. ಯಾವ ಬಗೆಯಲ್ಲಿ ಹೇಳಿದರೂ ಅವರ ಮುಖ ಸಪ್ಪೆಯಾಗುವುದು ಕಾಣುತ್ತಿತ್ತು.

ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವ ಮೊದಲೇ ಹೋಟೆಲಿನಿಂದ ಕರೆ ಬಂತು. ಮ್ಯಾನೇಜರು ಕರೆಯುತ್ತಿದ್ದಾರೆ, ಕೂಡಲೇ ಬರಬೇಕಂತೆ.

ಅವರ ಕೋಣೆಯಲ್ಲಿ ನನಗೆ ಕುರ್ಚಿ ಎಳೆದು ಕೊಟ್ಟದ್ದು ಅದೇ ಮೊದಲ ಸಲ. ಅಕ್ಕ ಅವರಿಗೂ ಫೋನ್ ಮಾಡಿದ್ದರು. ಪಾಪ, ಮೊದಲ ಸಲದ್ದು, ನಾಲ್ಕು ವರ್ಷದ ಮೇಲೆ ಆಗಿರುವುದು, ಆ ಹುಡುಗಿ ಬಾಯಿ ಬಿಟ್ಟು ಹೇಳುವವಳಲ್ಲ, ಬೆನ್ನಿಗೆ ಒಂದು ದಿಂಬಾದರೂ ಕೊಡಿ ಎಂದಿದ್ದರಂತೆ. ಅವರು ಮೇಜಿನ ಮೇಲಿನ ಸ್ಟೇಪ್ಲರನ್ನು ಅತ್ತಿಂದಿತ್ತ ಇಟ್ಟರು.

“ವಿಶೇಷ ಉಂಟಂತಲ್ಲ. ನೀನು ನಂಗೆ ಹೇಳ್ಬೇಕಿತ್ತು.”

ನಾನು ಬಾಯಿ ತೆರೆದೆ. ಆಗ ನನ್ನ ಮೇಲೆ ಯಾವ ನಿಯಮವೂ ಇರಲಿಲ್ಲ, ತಲೆಯ ಮೇಲೆ ಹಲಗೆಯಿರಲಿಲ್ಲ, ಬೆರಳಿಗೆ ಕವಚವಿರಲಿಲ್ಲ. ಇಲ್ಲ ಸರ್ ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಅವರೇ ಮುಂದುವರಿಸಿದರು.

“ನನ್ನ ಎರಡು ಮಕ್ಕಳು ಹುಟ್ಟುವಾಗ್ಲೂ ನಾನು ಇಲ್ಲೇ ಇದ್ದದ್ದು. ಒಂದಕ್ಕೆ ಟೆಲಿಗ್ರಾಂ ಬಂತು, ಇನ್ನೊಂದಕ್ಕೆ ಫೋನು. ದೊಡ್ಡವಳು ನನ್ನನ್ನು ಫಸ್ಟ್ ನೋಡುವಾಗ ಅವಳಿಗೆ ಹದಿನಾಲ್ಕು ತಿಂಗಳು. ಹೆದರಿ ಕೂಗಿದ್ಳು.” ಸ್ಟೇಪ್ಲರನ್ನು ಬದಿಗೆ ಸರಿಸಿ, “ಗಂಡ ಹೆಂಡ್ತಿ ಒಟ್ಟಿಗಿರ್ಬೇಕು ಮಾರಾಯ್ತಿ, ಇಂಥ ಹೊತ್ತಲ್ಲಿ. ನಾನು ಜನರಲ್ ಮ್ಯಾನೇಜರ ಹತ್ರ ಮಾತಾಡ್ತೇನೆ. ಕಾಗದ ನಾನು ಮಾಡಿಸಿ ಕೊಡ್ತೇನೆ” ಎಂದರು.

ನಾನು ತೆರೆದಿದ್ದ ಬಾಯಿಯನ್ನು ಮುಚ್ಚಿದೆ.

ಆ ಕ್ಷಣದ ಬಗ್ಗೆ ಈ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ನಾನು ನನಗೇ ಹಲವು ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ. ಎನ್‌ಒಸಿ ನನಗೆ ಸಲ್ಲಬೇಕಾದದ್ದೇ. ಅವರು ದುಷ್ಟರಾಗಿದ್ದರೆ ಈ ಸಮಜಾಯಿಷಿಗಳು ಸಾಕಾಗುತ್ತಿದ್ದವು. ಬಸುರಿ ಹೆಂಗಸನ್ನು ಇಟ್ಟುಕೊಂಡರೆ ರಜೆ ಕೊಡಬೇಕಾಗುತ್ತದೆ, ತೊಲಗಲಿ ಎಂದು ಸಹಿ ಹಾಕಿದ್ದರೆ ನಾನು ಹಾಯಾಗಿ ನಿದ್ದೆ ಮಾಡುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಎದ್ದು ಬಾಗಿಲು ತೆರೆದು ಹಿಡಿದರು. ಲಿಫ್ಟಿನಲ್ಲಿ ಹೋಗು, ಮೆಟ್ಟಿಲು ಇಳಿಯಬೇಡ ಎಂದರು.

ಅಕ್ಕನ ಮನೆಗೆ ಆ ದಿನ ಹೋಗಲಿಲ್ಲ. ಅಕ್ಕನಿಗೆ ಹೇಳಿದರೆ ಅದು ಮ್ಯಾನೇಜರ ಕಿವಿಗೆ ಹೋಗುತ್ತದೆ. ಕಾಗದ ಕೈಗೆ ಬರಲಿ, ಆಮೇಲೆ ಎಲ್ಲರಿಗೂ ಹೇಳಿ ಎಲ್ಲರ ಕಾಲಿಗೆ ಬೀಳುತ್ತೇನೆ ಎಂದುಕೊಂಡೆ. ಸಿಂಹಾಸನದ ಮೇಲೆ ಫ್ರಂಟ್ ಆಫೀಸಿನ ಒಬ್ಬ ಶ್ರೀಲಂಕಾದ ಹುಡುಗಿಯನ್ನು ಕೂರಿಸಿದರು. ಬಟ್ಟೆಯ ಬೆನ್ನಿಗೆ ಎಂಟು ಸೇಫ್ಟಿ ಪಿನ್. ನನ್ನನ್ನು ಫೋನಿನ ಹತ್ತಿರ ಮರಳಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟರು. ಅಡುಗೆಯ ಚೀನೀ ಮುದುಕ ದಿನಕ್ಕೊಂದು ಬಟ್ಟಲು ಶುಂಠಿ ಸೂಪು ಕಳಿಸತೊಡಗಿದ. ಕ್ಲೀನಿಂಗಿನ ಬಂಗಾಳಿ ಹೆಂಗಸು ಒದ್ದೆ ನೆಲದ ಬಳಿ ನನ್ನ ಮೊಣಕೈ ಹಿಡಿದು ದಾಟಿಸುತ್ತಿದ್ದಳು. ಆ ನಾಲ್ಕು ದಿನ ಇಡೀ ಹೋಟೆಲ್ ನನ್ನನ್ನು ಗಾಜಿನ ಹಾಗೆ ನಡೆಸಿಕೊಂಡಿತು. ಸಿಂಹಾಸನದ ಮೇಲಿದ್ದಾಗ ನಾನು ವೇಷ ಹಾಕಿದ್ದೇನೆಂದು ಎಲ್ಲರಿಗೂ ಗೊತ್ತಿತ್ತು. ಈಗ ನನಗೊಬ್ಬಳಿಗೇ. ಶುಂಠಿ ಸೂಪನ್ನು ಅರ್ಧಕ್ಕೇ ಬಿಡುತ್ತಿದ್ದೆ, ಅದನ್ನೂ ಅವರು ಲಕ್ಷಣವೆಂದೇ ತಿಳಿದರು.

ಬುಧವಾರ ಮಧ್ಯಾಹ್ನ ಕಾಗದ ಬಂತು. ಹೋಟೆಲಿನ ಲೆಟರ್‌ಹೆಡ್ಡು, ಸೀಲು, ಎರಡು ಸಹಿ. ಲಕೋಟೆಯನ್ನು ಎದೆಗೆ ಒತ್ತಿಕೊಂಡು ಕೆಳಗಿಳಿದು, ಬೀದಿಯ ಮೂಲೆಯ ಕಾರ್ಡ್ ಫೋನಿನಿಂದ ಇವರ ಕ್ಯಾಂಪಿಗೆ ಕರೆ ಮಾಡಿದೆ. ಆ ಕ್ಯಾಂಪಿನಲ್ಲಿ ಫೋನಿದ್ದುದು ಊಟದ ಹಾಲಿನಲ್ಲಿ, ಎಲ್ಲರ ನಡುವೆ. ಯಾರೋ ಎತ್ತಿದರು, ನನ್ನ ದನಿ ಕೇಳಿದ್ದೇ ಅವರ ದನಿಯೇ ಬದಲಾಯಿತು. “ಕಂಗ್ರಾಜುಲೇಶನ್ಸ್ ಭಾಬೀಜಿ” ಎಂದು ಹೇಳಿ, ಇವರ ಹೆಸರು ಹಿಡಿದು ಕೂಗಿದರು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

ನಾನು ಎಷ್ಟೆಲ್ಲ ಯೋಚಿಸಿದ್ದೆ. ಅಕ್ಕನ ಮುಖ, ಮ್ಯಾನೇಜರ ಮುಖ, ವಲಸೆ ಕಚೇರಿಯವನು ವೈದ್ಯರ ಚೀಟಿ ಕೇಳಿದರೆ ಏನು ಮಾಡುವುದೆಂಬವರೆಗೆ. ಅಕ್ಕನ ಗಂಡನಿಗೆ ರುವೈಸಿನ ಬಸ್ಸಿನವರೆಲ್ಲ ಗೊತ್ತು, ಸುದ್ದಿ ಅವರ ಜೊತೆ ಕ್ಯಾಂಪಿಗೂ ಹೋಗುತ್ತದೆ ಎನ್ನುವುದೊಂದೇ ಹೊಳೆದಿರಲಿಲ್ಲ. ಚಿಂತೆ ಮಾಡುವವರ ಹಣೆಬರಹ ಇದು. ಬರಬೇಕಾದದ್ದು ಯಾವಾಗಲೂ ಚಿಂತೆ ಮಾಡದೆ ಬಿಟ್ಟ ಕಡೆಯಿಂದ ಬರುತ್ತದೆ.

ಇವರು ಓಡಿ ಬಂದಿರಬೇಕು, ಏದುಸಿರು ಕೇಳುತ್ತಿತ್ತು.

“ಎಂತ ಮಾರಾಯ್ತಿ ನೀನು. ಬೇರೆಯವರ ಬಾಯಲ್ಲಿ ಕೇಳ್ಬೇಕಾ ನಾನು?” ಕೋಪದ ಮಾತು, ಆದರೆ ದನಿಯಲ್ಲಿ ಕೋಪವಿರಲಿಲ್ಲ. ಅಂಥ ದನಿಯನ್ನು ನಾನು ಅವರಿಂದ ಅದುವರೆಗೆ ಕೇಳಿರಲಿಲ್ಲ. ನಿನ್ನೆ ಕ್ಯಾಂಪಿನವರಿಗೆಲ್ಲ ಸ್ವೀಟ್ ಹಂಚಿದರಂತೆ. ಊರಿಗೆ ಫೋನ್ ಮಾಡಲು ಬೂತಿನವರೆಗೆ ಹೋಗಿ, ನನ್ನನ್ನು ಕೇಳದೆ ಹೇಳುವುದು ಬೇಡವೆಂದು ವಾಪಸು ಬಂದರಂತೆ. ಅಷ್ಟು ಹೇಳುವುದರೊಳಗೆ ಮೂರು ಸಲ ನಕ್ಕರು.

ಕಾರ್ಡಿನಲ್ಲಿ ಉಳಿದ ಯೂನಿಟ್ಟು ಕಡಿಮೆಯಾಗುತ್ತಾ ಹೋಗುವುದು ಫೋನಿನ ಸಣ್ಣ ಕಿಟಕಿಯಲ್ಲಿ ಕಾಣುತ್ತಿತ್ತು.

“ಇಲ್ಲ” ಎಂದೆ.

“ಎಂತ ಇಲ್ಲ?”

“ಅದು ಅಕ್ಕ ತಪ್ಪು ತಿಳ್ಕೊಂಡದ್ದು. ನಾನು ಸುಮ್ಮನಿದ್ದೆ. ಏನೂ ಇಲ್ಲ.”

ಆ ಕಡೆ ತಟ್ಟೆಗಳ ಸದ್ದು, ಯಾರೋ ಮಲಯಾಳದಲ್ಲಿ ಇನ್ನಷ್ಟು ಅನ್ನ ಕೇಳುವ ದನಿ. ಯಾರೋ ಇವರ ಬೆನ್ನು ತಟ್ಟಿ ಏನೋ ಕೇಳಿದರು. “ಹಾಂ ಹಾಂ, ಸಬ್ ಠೀಕ್ ಹೈ” ಎಂದು ಇವರು ಅವರಿಗೆ ಉತ್ತರಿಸಿದ್ದು ಸ್ಪಷ್ಟವಾಗಿ ಕೇಳಿಸಿತು. ಜನರ ನಡುವೆ ನಿಂತವರು ಏನು ಹೇಳಬೇಕೋ ಅದನ್ನೇ ಹೇಳಿದರು. ನಾನೂ ಅಷ್ಟೇ ತಾನೆ ಮಾಡಿದ್ದು?

ಇವರು ಫೋನು ಇಡಲಿಲ್ಲ, ಇಡು ಎನ್ನಲೂ ಇಲ್ಲ.

“ಕಾಗದ?” ಎಂದರು ಕೊನೆಗೆ.

“ಕೈಯಲ್ಲುಂಟು. ಸಹಿ ಆಯ್ತು.”

“ಸೀಲು ಉಂಟಾ?”

“ಉಂಟು.”

“ಓದು ಒಮ್ಮೆ.”

ಓದಲು ಅದರಲ್ಲಿ ಏನೂ ಇರಲಿಲ್ಲ. ಅಂಥ ಕಾಗದಗಳು ಹೇಗಿರುತ್ತವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಮಾತಾಡದೆ ಫೋನು ಹಿಡಿದು ನಿಲ್ಲಲಿಕ್ಕಾಗಿ ಕೇಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಲಕೋಟೆಯಿಂದ ತೆಗೆದು, ಬಿಸಿಲಿಗೆ ಅಡ್ಡ ಹಿಡಿದು, ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಓದಿದೆ. ನ್ಯಾಯಾಲಯದಲ್ಲಿ ಓದುವಂತೆ, ಅಲ್ಪವಿರಾಮಗಳಿಗೆ ನಿಂತು. ಸಂಬಂಧಪಟ್ಟವರಿಗೆ. ಈ ಕೆಳಗೆ ಹೆಸರಿಸಿದ ಉದ್ಯೋಗಿ. ಪತಿಯ ಪ್ರಾಯೋಜಕತ್ವಕ್ಕೆ ಬದಲಾಗಲು ನಮ್ಮ ಆಕ್ಷೇಪಣೆ ಇರುವುದಿಲ್ಲ. ಅವರು ಪ್ರತಿ ಸಾಲಿಗೂ ಹೂಂಗುಟ್ಟಿದರು. ಮೊದಲ ಹೂಂ ಸರಿಯಾಗಿ ಬರಲಿಲ್ಲ. ಆಮೇಲಿನವು ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾದವು.

ಸೀಲಿನ ಕೆಳಗೆ ಮ್ಯಾನೇಜರು ತಮ್ಮ ಪೆನ್ನಿನಿಂದಲೇ ಒಂದು ಸಾಲು ಬರೆದಿದ್ದರು. ಲಕೋಟೆ ಕೊಡುವಾಗ ನಾನು ಗಮನಿಸಿರಲಿಲ್ಲ. ಅಧಿಕೃತ ಕಾಗದದಲ್ಲಿ ಹಾಗೆಲ್ಲ ಬರೆಯಬಾರದು ಎಂದು ಆ ವಯಸ್ಸಿನ ಮನುಷ್ಯನಿಗೆ ಗೊತ್ತಿಲ್ಲದೆ ಇರಲಿಲ್ಲ. ತಾಯಿ ಮಗು ಇಬ್ಬರನ್ನೂ ದೇವರು ಚೆನ್ನಾಗಿಟ್ಟಿರಲಿ ಎಂದು, ದುಂಡಗಿನ ಅಕ್ಷರದಲ್ಲಿ.

ನಾನು ಓದುವುದನ್ನು ನಿಲ್ಲಿಸಿದೆ.

“ಮುಗೀತಾ?” ಎಂದರು ಇವರು.

“ಮುಗೀತು” ಎಂದೆ.